ಮುರಿದ ಬೆಂಡೆಕಾಯಿಯ ಮೀಮಾಂಸೆ: ಗಿರಾಕಿಯ ಅನಾಚಾರ ಮತ್ತು ಸಾಕ್ಷಿಯ ಮೌನ, ಒಂದು ತಾತ್ವಿಕ ಅನುಸಂಧಾನ

1.0 ಪ್ರಸ್ತಾವನೆ

ಜಾಗತೀಕರಣೋತ್ತರ ಕಾಲಘಟ್ಟದ ಮಾರುಕಟ್ಟೆಯೆಂಬ ಸಂಕೀರ್ಣ ಸಾಂಸ್ಕೃತಿಕ ಪಠ್ಯದಲ್ಲಿ ಗ್ರಾಹಕನೆಂಬ ಕರ್ತೃವು ಸರಕೆಂಬ ಕರ್ಮದೊಂದಿಗೆ ನಡೆಸುವ ಮುಖಾಮುಖಿಯು ತನ್ನ ನೈತಿಕ ನೆಲೆಗಟ್ಟಿನಿಂದ ಪಲ್ಲಟಗೊಂಡಾಗ, ಸದರಿ ಪಲ್ಲಟಕ್ಕೆ ಆಕಸ್ಮಿಕವಾಗಿ ಸಾಕ್ಷೀಭೂತವಾದ ತೃತೀಯ ಪ್ರಜ್ಞೆಯು ಅಭಿವ್ಯಕ್ತಿ ಮತ್ತು ಅನಭಿವ್ಯಕ್ತಿಗಳ ದ್ವಂದ್ವಾತ್ಮಕ ಅವಕಾಶದಲ್ಲಿ ಎದುರಿಸುವ ಬಿಕ್ಕಟ್ಟನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಶೋಧಿಸುವುದು ಪ್ರಸ್ತುತ ಸಂಪ್ರಬಂಧದ ಆಶಯ. ಅಂದರೆ, ತರಕಾರಿ ಅಂಗಡಿಯಲ್ಲಿ ಪಕ್ಕದವರು ಬೆಂಡೆಕಾಯಿಯ ತುದಿ ಮುರಿದು ಮುರಿದು ರಾಶಿಗೆ ಎಸೆಯುತ್ತಿದ್ದರೆ ‘ಯಾಕಮ್ಮಾ ಹಾಗೆ ಮಾಡ್ತೀರಿ’ ಅನ್ನಬೇಕೋ, ಬಾಯಿ ಮುಚ್ಚಿಕೊಂಡು ಅರ್ಧ ಕೆಜಿ ಬೀನ್ಸ್ ತಗೊಂಡು ಮನೆಗೆ ಹೋಗಬೇಕೋ ಎಂಬುದು.

ಎರಡನೆಯ ವಾಕ್ಯವನ್ನು ಸಂಪಾದಕ ಮಂಡಳಿಯು ತೆಗೆದುಹಾಕುವ ಸಾಧ್ಯತೆಯಿದೆ. ಮೊದಲನೆಯದನ್ನು ಯಾರೂ ಓದುವುದಿಲ್ಲವಾದ್ದರಿಂದ ಅದು ಉಳಿಯುತ್ತದೆ.

ಪ್ರಬಂಧಕಾರರು ಇತ್ತೀಚೆಗೆ ಒಂದು ರಾಜ್ಯಮಟ್ಟದ ವಿಚಾರ ಸಂಕಿರಣವನ್ನು ಆದಿಯಿಂದ ಅಂತ್ಯದವರೆಗೆ ಕೇಳಿ ಬದುಕಿ ಬಂದವರು. ‘ಅನ್ಯ’ವನ್ನು ಒಳಗೊಳ್ಳುವ ಬಗೆಯನ್ನು ಕುರಿತು ಅಲ್ಲಿ ಒಂದೂವರೆ ಗಂಟೆ ಮಾತಾಡಿದ ಆಶಯ ಭಾಷಣಕಾರರು, ಊಟದ ಹೊತ್ತಿಗೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದ ವಿದ್ಯಾರ್ಥಿಗಳೆಂಬ ಅನ್ಯರನ್ನೆಲ್ಲ ದಾಟಿ ನೇರ ಹೋಳಿಗೆಯ ಬಳಿ ಪ್ರತ್ಯಕ್ಷರಾದರು. ಈ ಪ್ರಬಂಧದ ಪರಿಭಾಷೆ ಅವರ ಭಾಷಣದ ಋಣ. ವಸ್ತು ಅವರ ಊಟದ್ದು.

2.0 ಪೂರ್ವಸೂರಿಗಳು

ಕೌಟಿಲ್ಯನ ‘ಅರ್ಥಶಾಸ್ತ್ರ’ದ ನಾಲ್ಕನೆಯ ಅಧಿಕರಣ ಕಂಟಕಶೋಧನ, ಅದರ ಎರಡನೆಯ ಅಧ್ಯಾಯ ವೈದೇಹಕರಕ್ಷಣ. ಹೆಸರು ಕೇಳಿ ವ್ಯಾಪಾರಿಗಳಿಗೆ ರಕ್ಷಣೆ ಸಿಕ್ಕಿತೆಂದು ಹಿಗ್ಗಬೇಡಿ. ಅದು ವ್ಯಾಪಾರಿಗಳಿಂದ ಪ್ರಜೆಗಳಿಗೆ ರಕ್ಷಣೆ. ತೂಕದಲ್ಲಿ ಮೋಸಕ್ಕೆ ದಂಡ, ಕಲಬೆರಕೆಗೆ ದಂಡ, ಒಟ್ಟುಗೂಡಿ ಬೆಲೆ ಏರಿಸಿದರೆ ದಂಡ. ಇದನ್ನೆಲ್ಲ ನೋಡಿಕೊಳ್ಳಲು ಸಂಸ್ಥಾಧ್ಯಕ್ಷನೆಂಬ ಅಧಿಕಾರಿ. ಆನೆಗೆ ದಿನಕ್ಕೆಷ್ಟು ಮೇವು ಎಂದು ಲೆಕ್ಕವಿಟ್ಟ ಮಹಾನುಭಾವ, ಬೆಲೆ ಕೇಳುವ ಮೊದಲೇ ದ್ರಾಕ್ಷಿ ಬಾಯಿಗೆಸೆದುಕೊಂಡ ಗಿರಾಕಿಗೆ ಎಷ್ಟು ಪಣ ದಂಡ ಎಂದು ಆ ಅಧ್ಯಾಯದಲ್ಲಿ ಹೇಳದೆ ಹೋದ.

ಆಮೇಲೆ ಬಂದವರೂ ಅದೇ ದಾರಿ. ಗ್ರಾಹಕ ಸಂರಕ್ಷಣಾ ಕಾಯ್ದೆ 1986ರಲ್ಲಿ ಬಂತು, 2019ರಲ್ಲಿ ಹೊಸ ರೂಪ ಪಡೆಯಿತು. ಪ್ರತಿವರ್ಷ ಡಿಸೆಂಬರ್ 24ರಂದು ಗ್ರಾಹಕರ ದಿನವೆಂದು ಶಾಲೆಗಳಲ್ಲಿ ಮಕ್ಕಳು ಗ್ರಾಹಕನ ಹಕ್ಕುಗಳನ್ನು ಒಪ್ಪಿಸುತ್ತಾರೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಮಾರುವವರನ್ನು ಎತ್ತಂಗಡಿ ಲಾರಿಯಿಂದ ಕಾಪಾಡಲು ಹೊರಟಿತು. ಗಿರಾಕಿಯ ಉಗುರಿನಿಂದ ಸೋರೆಕಾಯಿಯನ್ನು ಕಾಪಾಡುವ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ. ಈ ಸಂಶೋಧನಾ ಕಂದರವನ್ನು ತುಂಬುವುದೇ ನಮ್ಮ ಉದ್ದೇಶವೆಂದು ಇಲ್ಲಿ ಬರೆಯುವುದು ಪದ್ಧತಿ.

3.0 ಅನಾಚಾರಿ ಗಿರಾಕಿಗಳ ವರ್ಗೀಕರಣ

ಇವರು ಏಳು ಬಗೆ.

3.1 ಛೇದಕ. ಬೆಂಡೆಕಾಯಿ ಎಳೆಯದಾದರೆ ತುದಿ ಲಟಕ್ಕನೆ ಮುರಿಯುತ್ತದೆ, ಬಲಿತಿದ್ದರೆ ಸುಮ್ಮನೆ ಬಾಗುತ್ತದೆ. ಪರೀಕ್ಷೆ ಸರಿಯಾದದ್ದೇ, ಅಜ್ಜಿಯರು ಕಲಿಸಿದ್ದೇ. ಒಂದು ರಾಶಿಗೆ ಎರಡು ಕಾಯಿ ಮುರಿದರೆ ರಾಶಿಯ ವಯಸ್ಸು ತಿಳಿಯುತ್ತದೆ. ಆದರೆ ಛೇದಕರು ನಡೆಸುವುದು ಮಾದರಿ ಸಮೀಕ್ಷೆಯಲ್ಲ, ಜನಗಣತಿ. ಕಾಲು ಕೆಜಿ ಆರಿಸುವಷ್ಟರಲ್ಲಿ ಮುಕ್ಕಾಲು ಕೆಜಿಗೆ ಮೂಗಿಲ್ಲ. ಸಂಜೆಗೆ ಆ ತುದಿಗಳು ಕಪ್ಪಗಾಗುತ್ತವೆ, ಕಪ್ಪಗಾದದ್ದನ್ನು ಯಾರೂ ಮುಟ್ಟುವುದಿಲ್ಲ, ಛೇದಕರಂತೂ ಮೊದಲೇ ಮುಟ್ಟುವುದಿಲ್ಲ. ಅವರೆಕಾಯಿ ಕಾಲದಲ್ಲಿ ಇದೇ ಜನ ಸೊಗಡಿನ ಕಾಯಿ ಸಿಗಿದು ಹುಳು ಹುಡುಕುತ್ತಾರೆ. ಹುಳುವಿಲ್ಲದ್ದನ್ನೂ ಬಾಯಿ ಬಿಟ್ಟಂತೆಯೇ ಹಿಂದಕ್ಕೆಸೆಯುತ್ತಾರೆ.

3.2 ಭಕ್ಷಕ. ದ್ರಾಕ್ಷಿ, ಖರ್ಜೂರ, ಗೋಡಂಬಿ, ಹುರಿಗಡಲೆ ಇವರ ಕಾರ್ಯಕ್ಷೇತ್ರ. ನಾಲ್ಕು ದ್ರಾಕ್ಷಿ ತಿಂದು ‘ಹುಳಿ’ ಎಂಬ ತೀರ್ಪು. ತೀರ್ಪಿನ ಮರುಪರಿಶೀಲನೆಗೆ ಇನ್ನು ನಾಲ್ಕು.

ಇಲ್ಲಿ ವಿದ್ವಾಂಸರು ಪೂರ್ವಪಕ್ಷ ಎತ್ತುತ್ತಾರೆ: ರುಚಿ ನೋಡುವುದು ನಮ್ಮ ಸಂಸ್ಕೃತಿಯೇ ಅಲ್ಲವೇ? ಹೌದು. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿ ನೋಡಿ. ಬುಲ್ ಟೆಂಪಲ್ ರಸ್ತೆಯುದ್ದಕ್ಕೂ ಹಸಿಯದು, ಹುರಿದದ್ದು, ಬೇಯಿಸಿದ್ದು ರಾಶಿ ರಾಶಿ. ‘ತಿಂದ್ ನೋಡಿ ಸಾಮಿ’ ಎಂದು ಮಾರುವವರೇ ಕೈಗೆ ತುಂಬುತ್ತಾರೆ. ಈ ತುದಿಯಿಂದ ಆ ತುದಿಗೆ ನಡೆಯುವಷ್ಟರಲ್ಲಿ ಅರ್ಧ ಹೊಟ್ಟೆ ತುಂಬಿರುತ್ತದೆ. ಎಲ್ಲೋ ಒಂದು ಕಡೆ ಒಂದು ಸೇರು ಅಳೆಸಿಕೊಳ್ಳದೆ ಬಂದರೆ ನಮಗೇ ನಾಚಿಕೆ. ಆ ಪರಿಷೆಯಲ್ಲಿ ಮೊದಲು ಕೈ ಚಾಚುವವರು ಮಾರುವವರು. ಭಕ್ಷಕರು ಅಷ್ಟನ್ನು ಮಾತ್ರ ತಿರುಗಿಸಿಕೊಂಡಿದ್ದಾರೆ.

3.3 ನಿಕ್ಷೇಪಕ. ಸೂಪರ್ ಮಾರ್ಕೆಟ್ ವಾಸಿ. ಮೈನಸ್ 18 ಡಿಗ್ರಿಯಲ್ಲಿರಬೇಕಾದ ಬಟಾಣಿ ಪೊಟ್ಟಣವನ್ನು ಬುಟ್ಟಿಗೆ ಹಾಕಿಕೊಂಡು, ಬಟ್ಟೆ ಸೋಪಿನ ಹತ್ತಿರ ಬಂದಾಗ ವೈರಾಗ್ಯ ಮೂಡಿ, ಅಲ್ಲೇ ಸೋಪುಗಳ ನಡುವೆ ಮಲಗಿಸಿ ಹೋಗುತ್ತಾರೆ. ಮನಸ್ಸು ಬದಲಾಗುವುದು ತಪ್ಪಲ್ಲ. ಇಪ್ಪತ್ತು ಹೆಜ್ಜೆ ಹಿಂದೆ ನಡೆಯಲಾರದಷ್ಟು ದಣಿದವರು ವಾರಕ್ಕೆ ಐದು ದಿನ ಜಿಮ್ಮಿಗೆ ಹೋಗುವುದು ಹೇಗೆಂಬುದು ಮುಂದಿನ ಸಂಶೋಧಕರಿಗೆ ಬಿಟ್ಟ ವಿಷಯ.

3.4 ಪಂಕ್ತಿಭಂಜಕ. ‘ಒಂದೇ ಐಟಂ ಸಾರ್’ ಎಂಬುದು ಇವರ ಬೀಜಮಂತ್ರ. ಇದರಲ್ಲಿ ದಾಂಪತ್ಯ ಪ್ರಭೇದವು ವಿಶೇಷ ಅಧ್ಯಯನಯೋಗ್ಯ: ಒಬ್ಬರು ಬರಿಗೈಯಲ್ಲಿ ಬಿಲ್ಲಿಂಗ್ ಸಾಲಿನಲ್ಲಿ ನಿಂತು ಜಾಗ ಕಾಯುತ್ತಾರೆ, ಇನ್ನೊಬ್ಬರು ಅಂಗಡಿಯನ್ನು ಕಂತು ಕಂತಾಗಿ ಹೊತ್ತು ತರುತ್ತಾರೆ.

3.5 ವಿಸ್ತಾರಕ. ಸೀರೆ ಅಂಗಡಿಯ ಬಗೆ. ‘ಆ ಮೇಲಿನ ಸಾಲಿನ ಹಸಿರು, ಅದಲ್ಲ, ಅದರ ಪಕ್ಕದ್ದು, ಅಯ್ಯೋ ಬಾರ್ಡರ್ ಸಣ್ಣದು.’ ಮಡಿಕೆ ಬಿಚ್ಚಿದ ಸೀರೆಗಳ ಗುಡ್ಡದ ಆಚೆ ಮಾರುವ ಹುಡುಗಿ ಕಾಣದಂತಾದಾಗ ಎದ್ದು ನಿಂತು, ‘ಮದುವೆ ಮುಂದಿನ ವರ್ಷ, ಸುಮ್ನೆ ನೋಡೋಣ ಅಂತ ಬಂದ್ವಿ.’

3.6 ಮತ್ತು 3.7ಕ್ಕೆ ಸಂಸ್ಕೃತ ಹೆಸರು ಹುಡುಕುವ ಉಮೇದು ಇಲ್ಲಿಗೆ ಇಳಿಯಿತು. ಏಳು ಎಂದರೆ ಶಾಸ್ತ್ರದ ಹಾಗೆ ಕೇಳಿಸುತ್ತದೆ ಎಂದು ಏಳು ಅಂದದ್ದು. ಐದೇ ಇರಲಿ.

4.0 ಸಾಕ್ಷಿಯ ಭಾವಪ್ರಪಂಚ

ಭರತನು ಎಂಟು ಸಾತ್ತ್ವಿಕ ಭಾವಗಳನ್ನು ಹೇಳಿದ್ದಾನೆ. ಸಾಕ್ಷಿಯಲ್ಲಿ ಅವು ಕ್ರಮವಾಗಿ ಉದಯಿಸುತ್ತವೆ. ಸ್ತಂಭ: ಟ್ರಾಲಿ ನಿಲ್ಲುತ್ತದೆ. ಸ್ವೇದ: ಅಂಗೈ ಬೆವರುತ್ತದೆ. ಸ್ವರಭಂಗ: ‘ಹ್ಹಂ’ ಎಂದು ಗಂಟಲು ಸರಿಮಾಡಿಕೊಳ್ಳುತ್ತಾರೆ, ಕನ್ನಡ ಮಧ್ಯಮವರ್ಗದ ಪ್ರತಿಭಟನೆ ಬಹುಪಾಲು ಈ ಘಟ್ಟದಲ್ಲೇ ಸಂಪನ್ನವಾಗುತ್ತದೆ. ಎಂಟನೆಯದು ಪ್ರಲಯ, ಅಂದರೆ ಹೊರಗಿನ ಪ್ರಜ್ಞೆ ತಪ್ಪುವುದು. ಈಗಿನವರು ಅದಕ್ಕೆ ಮೊಬೈಲ್ ತೆಗೆಯುತ್ತಾರೆ. ಮೂವತ್ತಮೂರು ವ್ಯಭಿಚಾರಿ ಭಾವಗಳಲ್ಲಿ ಅವಹಿತ್ಥವೆಂಬುದೊಂದಿದೆ, ಒಳಗೆ ಕುದಿಯುತ್ತಿರುವುದು ಮುಖದಲ್ಲಿ ಕಾಣದಂತೆ ಮುಚ್ಚಿಡುವುದು. ನಾಟ್ಯಶಾಸ್ತ್ರಜ್ಞರು ಇದಕ್ಕೆ ಉದಾಹರಣೆ ಹುಡುಕಿಕೊಂಡು ಕಾವ್ಯಗಳಿಗೆ ಹೋಗುತ್ತಾರೆ. ಯಾವುದೇ ಬಿಲ್ಲಿಂಗ್ ಕೌಂಟರ್ ಸಾಕು.

ಪಾಶ್ಚಾತ್ಯರೂ ಇದನ್ನು ಅಳೆದಿದ್ದಾರೆ. 1968ರಲ್ಲಿ ಲಾಟಾನೆ, ಡಾರ್ಲಿ ಎಂಬಿಬ್ಬರು ಅಮೆರಿಕದಲ್ಲಿ ಜನರನ್ನು ಕೋಣೆಯಲ್ಲಿ ಕೂರಿಸಿ ಒಳಗೆ ಹೊಗೆ ಬಿಟ್ಟರು. ಒಂಟಿಯಾಗಿದ್ದವರಲ್ಲಿ ನೂರಕ್ಕೆ 75 ಮಂದಿ ಎದ್ದು ಹೋಗಿ ಹೇಳಿದರು. ಪಕ್ಕದಲ್ಲಿ ಇಬ್ಬರು ಬೇಕೆಂದೇ ಏನೂ ಆಗದವರಂತೆ ಕೂತಿದ್ದಾಗ ಹೇಳಿದವರು ನೂರಕ್ಕೆ 10. ಹೊಗೆಗೇ ಈ ಗತಿಯಾದರೆ ಬೆಂಡೆಕಾಯಿಗೆ ಎಷ್ಟು ಜನ ಏಳಬೇಕು?

ಆದರೂ ಲಾಟಾನೆ, ಡಾರ್ಲಿಯವರ ಕೋಣೆಯಲ್ಲಿ ಒಂದು ಕೊರತೆಯಿತ್ತು. ಆ ಹೊಗೆ ತಿರುಗಿ ನಿಂತು ‘ನಿಮ್ಮಪ್ಪನ ಅಂಗಡೀನಾ?’ ಎಂದು ಕೇಳುತ್ತಿರಲಿಲ್ಲ. ಈ ಪ್ರಶ್ನೆಗೆ ಷಡ್ದರ್ಶನಗಳಲ್ಲಿ ಎಲ್ಲೂ ಉತ್ತರವಿಲ್ಲ. ನಮ್ಮಪ್ಪನ ಅಂಗಡಿಯಲ್ಲ, ನಿಜ. ನೈಯಾಯಿಕರು ಎಷ್ಟೇ ಅವಯವ ಜೋಡಿಸಿದರೂ ಅಲ್ಲಿಗೆ ವಾದ ಮುಗಿಯುತ್ತದೆ, ಸಾಕ್ಷಿಯ ಕಿವಿ ಕೆಂಪಾಗುತ್ತದೆ, ಸುತ್ತ ನಿಂತವರು ಸಾಕ್ಷಿಯನ್ನೇ ಅನಾಚಾರಿಯಂತೆ ನೋಡುತ್ತಾರೆ.

5.0 ಐತಿಹಾಸಿಕ ಹಿನ್ನೆಲೆ

ಶೆಟ್ಟರ ಅಂಗಡಿಯಲ್ಲಿ ಈ ಸಮಸ್ಯೆಯೇ ಇರಲಿಲ್ಲ. ಚೀಟಿ ಕೊಟ್ಟರೆ ಅವರೇ ಒಳಗಿನಿಂದ ಅಳೆದು, ಕಾಗದದಲ್ಲಿ ಕಟ್ಟಿ, ದಾರ ಸುತ್ತಿ ಕೊಡುತ್ತಿದ್ದರು. ನಮಗೂ ಬೇಳೆಗೂ ನಡುವೆ ಒಂದು ಮರದ ಹಲಗೆ, ಹಲಗೆಯಾಚೆ ಶೆಟ್ಟರ ಕಣ್ಣು. 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಪಿಗ್ಲಿ ವಿಗ್ಲಿ ಎಂಬ ಅಂಗಡಿ ತೆರೆದು, ಹಲಗೆ ತೆಗೆದು, ನಿಮಗೆ ಬೇಕಾದ್ದು ನೀವೇ ತಗೊಳ್ಳಿ ಎಂದ. 1937ರಲ್ಲಿ ಒಕ್ಲಹಾಮಾದ ಸಿಲ್ವನ್ ಗೋಲ್ಡ್‌ಮನ್ ಗಾಲಿಯ ಬುಟ್ಟಿ ತಂದ. ಗಿರಾಕಿಯ ಕೈಗೆ ಸ್ವಾತಂತ್ರ್ಯ ಬಂದ ದಾರಿ ಇದು. ಹಲಗೆ ಹೋದ ಮೇಲೆ ಶೆಟ್ಟರ ಜಾಗಕ್ಕೆ ಸಂಬಳಕ್ಕೆ ನಿಂತ ಹುಡುಗಿ ಬಂದಳು. ಶೆಟ್ಟರು ತಿರುಗಿ ಬೈಯಬಹುದಾಗಿತ್ತು, ಬೈಯುತ್ತಲೂ ಇದ್ದರು. ಇವಳು ಬೈಯುವಂತಿಲ್ಲ.

ಇಲ್ಲಿಂದ ಮುಂದೆ 6.0 ಎಂದು ಹಾಕಬೇಕಿತ್ತು. ಹಾಕುವುದಿಲ್ಲ.

ಕಿವಿಗೆ ಫೋನು ಸಿಕ್ಕಿಸಿಕೊಂಡು, ಬಿಲ್ ಮಾಡುವ ಹುಡುಗಿಯ ಮುಖವನ್ನೊಮ್ಮೆಯೂ ನೋಡದೆ, ಕಾರ್ಡನ್ನು ಅವಳತ್ತ ಎಸೆದು, ಚೀಲಕ್ಕೆ ಕಾಸು ಕೇಳಿದ್ದಕ್ಕೆ ‘ಮ್ಯಾನೇಜರನ್ನ ಕರಿ’ ಎಂದು ಏಕವಚನದಲ್ಲಿ ಕೂಗುವ ಮನುಷ್ಯನಿಗೆ ನಾನು ಯಾವ ಸಂಸ್ಕೃತ ಹೆಸರಿಡಲಿ? ಅವಳ ಕಾಲ ಬಳಿ ಬಗ್ಗಿ ನೋಡಿದವರಿಗೆ ಗೊತ್ತು, ಬಹಳ ಕಡೆ ಅಲ್ಲಿ ಸ್ಟೂಲಿರುವುದಿಲ್ಲ. ಬೆಳಿಗ್ಗೆಯಿಂದ ನಿಂತೇ ಇರುತ್ತಾಳೆ. ಕೋಳಿಕ್ಕೋಡಿನ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೇರಳ ಕಾನೂನು ಮಾಡಿ ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕು ಕೊಟ್ಟಿತು. 2021ರಲ್ಲಿ ತಮಿಳುನಾಡು ಕೊಟ್ಟಿತು. ಕೂರುವ ಹಕ್ಕು! ಮನುಷ್ಯರು ಕೂರಬಹುದು ಎಂದು ವಿಧಾನಸಭೆಯಲ್ಲಿ ಮಸೂದೆ ಮಂಡಿಸಬೇಕಾದ ವ್ಯಾಪಾರದಲ್ಲಿ, ‘ಬಿಚ್ಚಿ ತೋರಿಸೋಕೇ ತಾನೇ ಸಂಬಳ ಕೊಡೋದು’ ಎನ್ನುತ್ತ ಐವತ್ತನೇ ಸೀರೆಯ ಮಡಿಕೆ ಬಿಚ್ಚಿಸುತ್ತಾರೆ. ಮುಂದಿನ ವರ್ಷದ ಮದುವೆಗೆ.

ಬೆಂಡೆಕಾಯಿಯೂ ಸುಮ್ಮನೆ ಬಂದದ್ದಲ್ಲ. ಕೋಳಿ ಕೂಗುವ ಮುಂಚೆ ಕೆ.ಆರ್. ಮಾರುಕಟ್ಟೆಗೋ ಕಲಾಸಿಪಾಳ್ಯಕ್ಕೋ ಹೋಗಿ ಮೂಟೆ ಎತ್ತಿಕೊಂಡು ಬರಬೇಕು. ಆ ದುಡ್ಡು ಎಷ್ಟೋ ಸಲ ಮೀಟರ್ ಬಡ್ಡಿಯದು, ಬೆಳಿಗ್ಗೆ 900 ಕೈಗೆ ಬಂದರೆ ಸಂಜೆ 1000 ಎಣಿಸಬೇಕು. 2018ರಲ್ಲಿ ಸರ್ಕಾರ ‘ಬಡವರ ಬಂಧು’ ಎಂದು ಬಡ್ಡಿಯಿಲ್ಲದ ಸಾಲದ ಯೋಜನೆ ತಂದದ್ದು ಈ ಕುಣಿಕೆ ಬಿಡಿಸಲೆಂದೇ. ಈಗ ಆ ಮುಕ್ಕಾಲು ಕೆಜಿಯ ಲೆಕ್ಕ ಹಾಕಿ. ತುದಿ ಮುರಿದದ್ದು ಯಾರ ನೂರು ರೂಪಾಯಿಯದು?

ಹಾಗಾದರೆ ಹೇಳಿಬಿಡಬೇಕು ಅನ್ನುತ್ತೀರಿ. ನಮ್ಮ ಬಡಾವಣೆಯ ಒಬ್ಬ ನಿವೃತ್ತ ಮೇಷ್ಟ್ರು ಹೇಳಿದರು. ತಳ್ಳುಗಾಡಿಯ ಮುಂದೆ ನಿಂತು, ತರಗತಿಯ ದನಿಯಲ್ಲಿ, ‘ಇನ್ನೊಬ್ಬರ ಹೊಟ್ಟೆ ಮೇಲೆ ಹೊಡೀಬಾರ್ದು ತಾಯಿ’ ಎಂದರು. ಆಕೆ ಆರಿಸಿದ್ದನ್ನೆಲ್ಲ ಸುರಿದು, ಚೀಲ ಜಾಡಿಸಿ ಹೊರಟುಹೋದರು. ಮಾರುವ ಹೆಂಗಸು ಮೇಷ್ಟ್ರನ್ನು ನೋಡಿ, ‘ನಿಮಗ್ಯಾಕೆ ಬೇಕಿತ್ತು ಸಾರ್, ಆಯಮ್ಮ ದಿನಾ ಬರೋರು’ ಎಂದಳು. ಮೇಷ್ಟ್ರ ಧೈರ್ಯಕ್ಕೆ ದಂಡ ಕಟ್ಟಿದವಳು ಅವಳು. ನಮ್ಮ ಸಾತ್ತ್ವಿಕ ಕೋಪಕ್ಕೆ ನಾವು ಪೈಸೆ ಕೊಡುವುದಿಲ್ಲ. ಬಂಡವಾಳ ಅವಳದು, ಗಿರಾಕಿ ಅವಳದು. ಆದ್ದರಿಂದ ತಳ್ಳುಗಾಡಿಯ ಮುಂದೆ ಬಾಯಿ ತೆರೆಯುವ ಮೊದಲು ಅವಳ ಮುಖ ನೋಡಬೇಕೆಂಬುದು ನನ್ನ ಪಕ್ಷ. ಬಿಲ್ಲಿಂಗ್ ಸಾಲಿನಲ್ಲಿ ಈ ಸಂಕೋಚ ಬೇಕಿಲ್ಲ. ಅಲ್ಲಿ ಕಳೆಯುವುದು ನಮ್ಮದೇ ಐದು ನಿಮಿಷ, ಯಾರ ಅಪ್ಪಣೆಯೂ ಬೇಡ. ಕೌಂಟರಿನ ಹುಡುಗಿಗೆ ಏಕವಚನ ಬಿದ್ದಾಗಲಂತೂ ಬೇಡವೇ ಬೇಡ. ಉತ್ತರ ಕೊಟ್ಟರೆ ಕೆಲಸ ಹೋಗುವುದು ಅವಳದು, ನಮ್ಮದಲ್ಲ. ‘ಸ್ವಲ್ಪ ಮರ್ಯಾದೆಯಿಂದ ಮಾತಾಡಿ’ ಎನ್ನಲು ಯಾವ ಪರಿಪ್ರೇಕ್ಷ್ಯವೂ ಬೇಕಾಗಿಲ್ಲ. ನಮ್ಮಪ್ಪನ ಅಂಗಡಿಯಲ್ಲ, ಹೌದು, ಅವನಪ್ಪನದೂ ಅಲ್ಲ.

ತಳ್ಳುಗಾಡಿಯ ಹೆಂಗಸು ಆಮೇಲೆ ತನ್ನದೇ ಒಂದು ಸಿದ್ಧಾಂತ ಕಂಡುಕೊಂಡಿದ್ದಾಳೆ. ಅದೇ ಗಿರಾಕಿ ಮಾರನೆಯ ದಿನ ಬಂದು ಲಟ ಲಟ ಶುರುಮಾಡಿದರು. ಅವಳು ಏನೂ ಅನ್ನಲಿಲ್ಲ, ನಗುತ್ತಲೇ ಇದ್ದಳು. ಮುರಿದು ಎಸೆದಷ್ಟನ್ನೂ ಎಡಗೈಯಲ್ಲಿ ಒಟ್ಟುಮಾಡುತ್ತ ಹೋಗಿ, ಕೊನೆಗೆ ಆರಿಸಿದ್ದರ ಜೊತೆಗೆ ತಕ್ಕಡಿಗೆ ಸುರಿದಳು.

‘ಇದ್ಯಾಕೆ ಹಾಕ್ತೀಯ?’

‘ನೀವು ಮುಟ್ಟಿದ್ದೆಲ್ಲ ಎಳೇದೇ ಅಕ್ಕ. ಒಂದೂಕಾಲು ಕೆಜಿ ಆಯ್ತು, ಒಂದಕ್ಕೇ ಕೊಡಿ.’

ಸುತ್ತ ನಾಲ್ಕು ಜನ ನೋಡುತ್ತಿದ್ದರು. ಆಕೆ ಕೊಟ್ಟರು. ಕೊಟ್ಟು, ಕೊಸರಿಗೆ ಒಂದು ಹಿಡಿ ಕೊತ್ತಂಬರಿ ಕೇಳಿದರು. ಇವಳು ಕರಿಬೇವು ಹಾಕಿದಳು.