ರುದ್ರನಾಟಕದ ರಾಯರು

ಉಡುಪಿಯ ಯಾವ ಹವ್ಯಾಸಿ ನಾಟಕ ತಂಡದಲ್ಲಿ ಹುಡುಕಿದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಹಗಲು ಮಣಿಪಾಲದ ಬ್ಯಾಂಕಿನಲ್ಲಿ ಸಾಲದ ಕಡತ, ಸಂಜೆ ಉಡುಪಿಯಲ್ಲಿ ರಿಹರ್ಸಲ್, ರಾತ್ರಿ ಕಾಪುವಿನ ಮನೆಯಲ್ಲಿ ಕಿಟ್ಟೆಲ್ ನಿಘಂಟು. ತಂಡದವರು ಇಟ್ಟ ಹೆಸರು ‘ರುದ್ರರಾಯರು’.

ಈ ಸಲ ಅವರ ಪಾಲಿಗೆ ಬಂದದ್ದು ಬಿ.ಎಂ.ಶ್ರೀಯವರ ‘ಅಶ್ವತ್ಥಾಮನ್’. ಸೊಫೋಕ್ಲಿಸನ ‘ಏಜಾಕ್ಸ್’ 1929ರಲ್ಲಿ ತೊಟ್ಟ ಕನ್ನಡದ ಉಡುಪು ಅದು. ಉಡುಪು ಮಾತ್ರ ಬಹಳ ಹಳೆಯದು. ಪುರಾಣದ ಚಿರಂಜೀವಿ ಈ ನಾಟಕದಲ್ಲಿ ತಾನಾಗಿ ಪ್ರಾಣ ಬಿಡುತ್ತಾನೆಂದು ಪಂಡಿತರು ತಕರಾರು ತೆಗೆದಿದ್ದರು. ರಾಯರ ತಕರಾರೇ ಬೇರೆ: ಸಾಯುವವನು ಇಷ್ಟೆಲ್ಲ ಹಳೆಗನ್ನಡ ಮಾತಾಡಿ ಸಾಯಬೇಕೇ?

ಆದರೂ ಬಿಡಲಿಲ್ಲ. ಮುಳಿಸು, ಬನ್ನ, ಪಗೆ, ಅೞಲ್ ಎಂದು ಪಟ್ಟಿ ಮಾಡಿ ಪಾಸ್‌ಬುಕ್ಕಿನ ಹಿಂದೆ ಬರೆದುಕೊಂಡರು. ಕಷ್ಟ ಕೊಟ್ಟದ್ದು ಬರವಣಿಗೆಯಿಂದಲೇ ಮಾಯವಾದ ‘ೞ’. ಕೊನೆಗೆ ಗುರು ಸಿಕ್ಕಿದ್ದು ಪಕ್ಕದ ಕೌಂಟರಿನಲ್ಲಿ. ಮಲಯಾಳದಲ್ಲಿ ಆ ಸದ್ದು ಇನ್ನೂ ಜೀವಂತ. ಕೇರಳದ ಸಹೋದ್ಯೋಗಿ ತನ್ನ ಊರಿನ ಹೆಸರು ‘ಕೋೞಿಕ್ಕೋಡ್’ ಎಂದು ನಾಲಗೆ ಮಡಚಿ ತೋರಿಸಿಕೊಟ್ಟ. ಅಂದಿನಿಂದ ರಾಯರ ಪಾಲಿಗೆ ಬಾಳೆಹಣ್ಣು ‘ಬಾೞೆ’, ಮಳೆ ‘ಮೞೆ’. ಅಂಗಡಿಯವನು ಹಲ್ಲುನೋವೇ ಎಂದು ವಿಚಾರಿಸಿದ.

ಕಾಪುವಿನಲ್ಲಿ, 1901ರ ದೀಪಸ್ತಂಭದ ಬಂಡೆಯ ಬುಡದಲ್ಲಿ ನಿಂತು ಕಡಲಿಗೆ ಮುಖಮಾಡಿ ಶಪಿಸುವಾಗ ಕೈರಂಪಣಿ ಎಳೆಯುತ್ತಿದ್ದವರು ಬಲೆ ಬಿಟ್ಟು ನಿಂತರು. ಒಬ್ಬ ಮೊಬೈಲು ತೆಗೆದ: ‘ಮನೆಯವರ ನಂಬರ್ ಕೊಡಿ ಮಾರಾಯ್ರೆ.’

ಉಡುಪಿಯ ಹೋಟೆಲಿನಲ್ಲಿ ಮಾತ್ರ ಅವರ ಹಳೆಗನ್ನಡ ಒಂದೇ ಏಟಿಗೆ ದಾಟುತ್ತದೆ. ‘ನೀರ್ ದೋಸೆ’ ಎಂದರೆ ಸಾಕು, ಮಾಣಿ ಕೇಳುವುದು ಇಷ್ಟೇ: ‘ಚಟ್ನಿಯಾ, ಕಾಯಿಬೆಲ್ಲವಾ?’

ಭಾನುವಾರ ಕಾರ್ಕಳದಲ್ಲಿ ಅತ್ತೆಯ ಮನೆ. ಅಲ್ಲಿಗೂ ಕೋಶ ಬಗಲಲ್ಲಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70,000 ಪದಗಳ ಆ ಗ್ರಂಥದಲ್ಲಿ ‘ಪೂ’, ‘ಪೊಸ’, ‘ಪಗೆ’ ಹುಡುಕುತ್ತಾ ಬೆವರುತ್ತಿದ್ದ ಅಳಿಯನನ್ನು ತುಳು ಮನೆಮಾತಿನ ಅತ್ತೆ ಒಮ್ಮೆ ದಿಟ್ಟಿಸಿದರು. ‘ಪೂ ಅಂದ್ರೆ ಹೂವಲ್ವಾ ಅಳಿಯಂದ್ರೆ? ಪೊಸ ಅಂದ್ರೆ ಹೊಸತು. ಇದಕ್ಕೆ ಪುಸ್ತಕ ಎಂತಕ್ಕೆ?’ ನಂದಳಿಕೆಯ ಮುದ್ದಣ ಇದೇ ತಾಲೂಕಿನವನಾಗಿ ಹಳೆಗನ್ನಡದಲ್ಲಿ ಬರೆದದ್ದು ರಾಯರಿಗೆ ಆಗ ಅಷ್ಟೇನೂ ಸೋಜಿಗವೆನಿಸಲಿಲ್ಲ. ಅತ್ತೆಯನ್ನೇ ಪ್ರಾಂಪ್ಟರ್ ಮಾಡಿಕೊಳ್ಳುವ ಯೋಚನೆ ಬಂತು, ಹೆಂಡತಿ ಒಪ್ಪಲಿಲ್ಲ.

ರಾಯರ ಅಭಿನಯ ಹೇಗಿದ್ದರೂ ಉಚ್ಚಾರಕ್ಕೆ ಹೆಸರು ಇಡುವಂತಿಲ್ಲ. ಟಿಕೆಟು ಕೊಟ್ಟರೆ ಹೋಗಿ ನೋಡಿ. ಕಿಟ್ಟೆಲ್ ಕೋಶ ಕೇಳಿದರೆ ಮಾತ್ರ ಕೊಡಬೇಡಿ, ಅದು ಹಿಂದಿರುಗುವುದಿಲ್ಲ.