ಮೋರೇರ ಮನಿ ಪಟ್ಟಿ

(ಹೊಸಪೇಟೆ ಬಸ್‌ಸ್ಟ್ಯಾಂಡ್ ಎದುರು ಮಿರ್ಚಿ ಬಂಡಿ. ಎಣ್ಣೆ ಕಾದೈತಿ, ಕಂಪ್ಲಿ ಬಸ್ಸಿನ ಸುಳಿವಿಲ್ಲ.)

ಬಸಣ್ಣ: ಎಲ್ಲಿಗೆ ಹೊಂಟ್ರಿ ಕಾಕಾ?

ಕಾಕಾ: ಹಿರೇಬೆಣಕಲ್ಲಿಗೆ. ಮೋರೇರ ಗುಡ್ಡ ನೋಡಾಕ. ಹಂಪಿಗಿಂತ ಸಾವಿರ ವರ್ಷಕ್ಕೂ ಹಳೇವು, ನಾಕುನೂರರಷ್ಟು ಕಲ್ಲಿನ ಮನಿ.

ಬಸಣ್ಣ: ಯಾರದಾರ ಅದರಾಗ?

ಕಾಕಾ: ಸತ್ತೋರು.

ಬಸಣ್ಣ: ಹಂಗಾರ ಮತದಾರರ ಪಟ್ಟ್ಯಾಗ ಇರಬೇಕಲ್ರೀ?

ಕಾಕಾ: ಯುನೆಸ್ಕೋ ಪಟ್ಟ್ಯಾಗ ಅದಾವಲೇ, 2021ರಾಗ ಸೇರ್‍ಯಾವ. ತಾತ್ಕಾಲಿಕ ಪಟ್ಟಿ.

ಬಸಣ್ಣ: ಎರಡು ಸಾವಿರ ವರ್ಷ ನಿಂತ ಮ್ಯಾಲೂ ತಾತ್ಕಾಲಿಕ? ನಮ್ಮ ಅತಿಥಿ ಉಪನ್ಯಾಸಕರೇ ವಾಸಿ ಬಿಡ್ರಿ.

ಕಾಕಾ: ಕಲ್ಲಿನ ಮ್ಯಾಲೆ ಹೆಸರು ಬರೀಬ್ಯಾಡ್ರಿ ಅಂತ ಬೋರ್ಡ್ ಹಾಕಿದ್ರಪಾ.

ಬಸಣ್ಣ: ಬರಿಯೋದು ನಿಂತಿರಬೇಕು.

ಕಾಕಾ: ಎಲ್ಲಿ ನಿಲ್ತತಿ? ಬೋರ್ಡಿನ ಮ್ಯಾಲೆ ಜಾಗ ಖಾಲಿ ಆತಲ್ಲ.

ಬಸಣ್ಣ: ಆ ಮನಿ ಬುಡದಾಗ ತೆಗ್ಗು ತೋಡ್ಯಾರಂತಲ್ರೀ, ಯಾರು?

ಕಾಕಾ: ನಿಧಿಗಳ್ಳರು. ಸಿಕ್ಕಿದ್ದು ಮಡಕಿ ಚೂರು.

ಬಸಣ್ಣ: ಪಾಪ! ಮಡಕಿ ಚೂರು ಹುಡುಕೋ ಸಾಹೇಬ್ರಿಗೆ ನಿಧಿ ಬರಂಗಿಲ್ಲ, ನಿಧಿ ಹುಡುಕೋರಿಗೆ ಚೂರು!

ಕಾಕಾ: ಗುಡ್ಡರ ಉಳದೈತಲ್ಲೋ.

ಬಸಣ್ಣ: ಹೌದ್ರಿ, ಸಂಡೂರಾಗ ಗುಡ್ಡನ ಲಾರಿ ಹತ್ತಿ ಬಂದರಿಗೆ ಹೋತು.

ಕಾಕಾ: ಮೋರೇರ ಗುಡ್ಡದಾಗ ಒಂದು ನಗಾರಿ ಗುಂಡೈತಿ. ಕಲ್ಲಿಲೆ ಬಡಿದ್ರ ದೂರದ ತನಕ ಕೇಳ್ತತಿ.

ಬಸಣ್ಣ: ಬೆಂಗಳೂರಿನ ತನಕ?

ಕಾಕಾ: ಎರಡು ಮಿರ್ಚಿ ಕಟ್ಟಲೇ, ಬಸ್ ಬಂತು.