ಯಾರು ಮುಟ್ಟಿದ್ದು?

ಗ್ಯಾಸ್ ಕ್ರೊಮ್ಯಾಟೋಗ್ರಫಿ ಯಂತ್ರವಿರುವ ಲ್ಯಾಬುಗಳಲ್ಲಿ ‘ಯಂತ್ರದ ಯಜಮಾನ’ ಎಂಬ ಒಂದು ಜಾತಿ ಕಂಡುಬರುತ್ತದೆ. ಸಂಬಳದ ಪಟ್ಟಿಯಲ್ಲಿ ಈ ಹುದ್ದೆ ಇಲ್ಲ. ಯಂತ್ರ ಬಂದ ದಿನ ಕಂಪನಿಯ ಎಂಜಿನಿಯರಿಗೆ ಸ್ಪ್ಯಾನರ್ ಎತ್ತಿಕೊಟ್ಟವರು ತಾವಾಗಿಯೇ ಪಟ್ಟವೇರುತ್ತಾರೆ. ಸ್ಪ್ಯಾನರಿಗೆ ಅಂದಿನಿಂದ ಬೀಗ. ಕೊಳವೆಯ ಕೀಲು ಸೋರದಂತೆ ಬಿಗಿಯುವ ಫೆರೂಲುಗಳು ಹಳೆಯ ಜರದಾ ಡಬ್ಬಿಯಲ್ಲಿ, ಡಬ್ಬಿ ಟಿಫಿನ್ ಚೀಲದಲ್ಲಿ. ಕಾರವಾರದ ಕಡೆ ಸಿಕ್ಕ ಒಬ್ಬ ಯಜಮಾನರು ಕಾಳಿ ಅಳಿವೆಯಾಚೆಯ ದೇವಬಾಗದವರು. ಲ್ಯಾಬಿನ ಹುಡುಗರ ಬಾಯಲ್ಲಿ ‘ಪೀಕ್ ಮಾಮ’.

ಯಜಮಾನರ ಜೀವವಿರುವುದು ರಿಟೆನ್ಶನ್ ಟೈಮಿನಲ್ಲಿ. ಸಿರಿಂಜಿನಿಂದ ಚುಚ್ಚಿದ ಮಾದರಿ ಆವಿಯಾಗಿ, ಗ್ಯಾಸಿನ ಹರಿವಿನೊಡನೆ 30 ಮೀಟರ್ ಉದ್ದದ, 0.25 ಮಿಲಿಮೀಟರ್ ಒಳವ್ಯಾಸದ ಕಾಲಂ ಹಾದು ಡಿಟೆಕ್ಟರ್ ತಲುಪಲು ಹಿಡಿಯುವ ಹೊತ್ತು ಅದು; ತಲುಪಿದ್ದಕ್ಕೆ ಗುರುತು ಗ್ರಾಫಿನಲ್ಲಿ ಏಳುವ ಪೀಕ್. ಕಾಲಂನ ತುದಿ ಕವಲೊಡೆದು ಎರಡು ಡಿಟೆಕ್ಟರಿಗೆ ಹೋಗುವ ಯಂತ್ರವಾದರೆ ಚಿಂತೆಯೂ ಎರಡು ಪಾಲು. ಒಂದು ಕಡೆ ಇಂಗಾಲದ ಸಂಯುಕ್ತಗಳನ್ನು ಜ್ವಾಲೆಯಲ್ಲಿ ಸುಟ್ಟು ನೋಡುವ ಎಫ್‌ಐಡಿ. ಇನ್ನೊಂದು ಕಡೆ ಕ್ಲೋರಿನ್ ಇರುವ ಕೀಟನಾಶಕದ ಸುಳಿವು ಹಿಡಿಯುವ ಇಸಿಡಿ, 1957ರ ಸುಮಾರಿಗೆ ಜೇಮ್ಸ್ ಲವ್‌ಲಾಕ್ ರೂಪಿಸಿದ್ದು.

ದೋಷ ಹುಡುಕುವುದಕ್ಕೆ ಒಂದು ಕ್ರಮವಿದೆ. ಎರಡು ಡಿಟೆಕ್ಟರಿನಲ್ಲೂ ಪೀಕ್ ಒಂದೇ ಸಮನೆ ಜರುಗಿದ್ದರೆ ತಪ್ಪು ಹೆಚ್ಚಾಗಿ ಕವಲಿಗಿಂತ ಹಿಂದೆ: ಸೂಜಿ ಚುಚ್ಚುವ ರಬ್ಬರ್ ಬಿಲ್ಲೆ ಸೆಪ್ಟಮ್‌ನ ಸೋರಿಕೆ, ಗ್ಯಾಸಿನ ಒತ್ತಡ, ಓವನ್ನಿನ ಬಿಸಿ, ಇಲ್ಲವೇ ಕೊಳೆಯಾದ ಮುಂತುದಿಯನ್ನು ಕತ್ತರಿಸಿ ಕಾಲಂ ಗಿಡ್ಡವಾಗಿರುವುದು. ಒಂದರಲ್ಲಿ ಮಾತ್ರ ಜರುಗಿದ್ದರೆ ಆ ಕವಲಿನ ಫೆರೂಲ್ ಮೊದಲು ನೋಡಬೇಕು. ಯಜಮಾನರ ಕ್ರಮದಲ್ಲಿ ಇದಕ್ಕೆಲ್ಲ ಮೊದಲು ಒಂದು ಪ್ರಶ್ನೆ ಬರುತ್ತದೆ.

ಒಂದು ಜುಲೈ ಬೆಳಿಗ್ಗೆ, ದಿನಾ 9.4 ನಿಮಿಷಕ್ಕೆ ಬರುತ್ತಿದ್ದ ಲಿಂಡೇನ್ ಕೀಟನಾಶಕದ ಪೀಕ್ ಎರಡು ಕಡೆಯೂ 9.7ಕ್ಕೆ ಬಂತು.

“ಯಾರು ಮುಟ್ಟಿದ್ದು?”

“ಯಾರೂ ಮುಟ್ಟಲಿಲ್ಲ ಮಾಮ.”

“ಮುಟ್ಟದೇ ಹೇಗೆ ಜರುಗ್ತದೆ ಮಾರಾಯ? ಅದಕ್ಕೇನು ಕಾಲು ಉಂಟಾ?”

ಮೊದಲ ದಿನ ಕಸ ಗುಡಿಸುವವಳ ವಿಚಾರಣೆ. ಎರಡನೇ ದಿನ ಸಿಲಿಂಡರ್ ತಂದವನದು. ಮೂರನೇ ದಿನ ಕರೆಂಟು, ನಾಲ್ಕನೇ ದಿನ ಮಳೆ. ಮಳೆಗೆ ಕಾರವಾರದಲ್ಲಿ ಆ ತಿಂಗಳು ಸಾಕ್ಷಿಗಳ ಕೊರತೆಯಿಲ್ಲ. ದೇವಬಾಗದ ದಂಡೆಗೆ ಭರತಿ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹುಟ್ಟಿದಾಗಿನಿಂದ ಅದನ್ನು ನೋಡಿದ ಈ ಮನುಷ್ಯ ಸಮುದ್ರವನ್ನು ಒಂದು ದಿನವೂ ಪ್ರಶ್ನಿಸಿದವರಲ್ಲ. ಲಿಂಡೇನಿನ 18 ಸೆಕೆಂಡಿಗೆ ನಾಲ್ಕು ರಾತ್ರಿ ನಿದ್ದೆಗೆಟ್ಟರು.

ಐದನೇ ದಿನ, ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ, ಸೆಪ್ಟಮ್ ಬಿಚ್ಚಿದರು. ಸೂಜಿ ಚುಚ್ಚಿ ಚುಚ್ಚಿ ರಬ್ಬರಿನ ನಡುಭಾಗ ಜರಡಿಯಾಗಿತ್ತು. ಹಳೆಯ, ಕೈಯಲ್ಲಿ ನಾಬ್ ತಿರುವುವ ಯಂತ್ರ. ಗ್ಯಾಸ್ ಅಲ್ಲೇ ಸೋರಿ ಕಾಲಂನ ತಲೆಯ ಒತ್ತಡ ಇಳಿದಿತ್ತು, ಪೀಕ್ ತಡವಾಗಿತ್ತು. ಹೊಸ ಸೆಪ್ಟಮ್ ಹಾಕಿದರು. 9.4.

ನೂರು ಇಂಜೆಕ್ಷನ್ನಿಗೊಮ್ಮೆ ಸೆಪ್ಟಮ್ ಬದಲಿಸುವ ಕೆಲಸ, ಗೋಡೆಯ ಮೇಲಿನ ಪಾಳಿಪಟ್ಟಿಯ ಪ್ರಕಾರ, ಈ ಟಿಪ್ಪಣಿ ಬರೆದವನದಾಗಿತ್ತು. ಊಟ ಮುಗಿಸಿ ಬಂದಾಗ ಯಜಮಾನರು ಪಟ್ಟಿಯ ಮುಂದೆ ನಿಂತಿದ್ದರು. ತಿರುಗಿ ನೋಡಿದರು. ಯಾರು ಮುಟ್ಟಿದ್ದು ಎಂದು ಅವರಿಗೆ ಗೊತ್ತಿತ್ತು. ಯಾರು ಮುಟ್ಟಲಿಲ್ಲ ಎಂಬುದೂ. ಏನೂ ಹೇಳದೆ ಟಿಫಿನ್ ಚೀಲ ಎತ್ತಿಕೊಂಡು ಹೊರಟರು.

ಲಾಗ್‌ಬುಕ್ಕಿನಲ್ಲಿ ಆ ದಿನದ ಸಾಲಿಗೆ, ಕಾರಣ ಬರೆಯುವ ಜಾಗದಲ್ಲಿ, ಅವರ ಕೈಬರಹದಲ್ಲಿ ಇರುವುದು ಒಂದೇ ಶಬ್ದ: ಮಳೆ.